ಶಾಂತ ಮಾಡಿದ ದೀಪ

ನಮ್ಮ ಕಡೆ ದೀಪವನ್ನು ಆರಿಸುವುದಿಲ್ಲ, ಶಾಂತ ಮಾಡುತ್ತೇವೆ. ದೇವರ ಮುಂದಿನ ದೀಪವನ್ನು ಬಾಯಿಂದ ಊದಿದರೆ ಮನೆಯಲ್ಲಿ ಹಿರಿಯರು ಬೈಯುತ್ತಾರೆ. 'ಆರಿಸು' ಎಂಬ ಮಾತನ್ನೇ ಆಡಬಾರದು. ಹೂವಿನ ತೊಟ್ಟಿನಿಂದ ಬತ್ತಿಯನ್ನು ಎಣ್ಣೆಯೊಳಗೆ ಎಳೆದು 'ಶಾಂತ ಆತು' ಅನ್ನಬೇಕು. ಈ ಮಾತು ಮನೆಯಿಂದ ಗಾಡಿಗೂ ಬಂದುಬಿಟ್ಟಿದೆ. ಮೀಟರಿನಲ್ಲಿ ಹಳದಿ ದೀಪ ಹತ್ತಿಕೊಂಡಿತೆಂದು ನನ್ನ ಶೆಡ್ಡಿಗೆ ಬಂದವರು 'ಏನಾಗೈತೆ ನೋಡ್ರಿ' ಎನ್ನುವುದು ಕಡಿಮೆ. 'ಅದೊಂದು ದೀಪ ಶಾಂತ ಮಾಡಿಕೊಡ್ರಿ' ಅನ್ನುತ್ತಾರೆ.

ಅಂಥ ಒಂದು ದೀಪವನ್ನು ನಾನು ಹೋದ ವರ್ಷ ಹುರುಳಿ ಕೊಯ್ಲಿನ ಕಾಲದಲ್ಲಿ ಶಾಂತ ಮಾಡಿದೆ. ಅದರಿಂದ ಒಬ್ಬ ಹೆಣ್ಣುಮಗಳು ಸತ್ತಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುತ್ತಾ ಹೋದವರಿಗೆ ನಾನು ಒಳ್ಳೆಯವನಂತೆ ಕಂಡು, ಕೊನೆಗೆ ಮೋಸ ಹೋದೆವಲ್ಲ ಅನ್ನಿಸುವುದು ಬೇಡ.

ನಾನು ಚನ್ನಗಿರಿಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವವನು. ಮೊದಲೆಲ್ಲ ಡೈನಮೋ, ಸೆಲ್ಫ್, ಹಾರ್ನು, ಹೆಡ್‌ಲೈಟು ಇಷ್ಟೇ ನನ್ನ ಪ್ರಪಂಚ. ಗಾಡಿಗಳೊಳಗೆ ಕಂಪ್ಯೂಟರ್ ಬಂದು ಕೂತ ಮೇಲೆ ಹಳಬರು ಅನೇಕರು ಕೈಚೆಲ್ಲಿದರು. ನಾನು ಹಠಕ್ಕೆ ಬಿದ್ದು ಸ್ಕ್ಯಾನರ್ ತಂದುಕೊಂಡೆ. ಅದರ ತಂತಿಯನ್ನು ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ, ಗಾಡಿ ತನ್ನ ಕಾಯಿಲೆಯನ್ನು ತಾನೇ ಪರದೆಯ ಮೇಲೆ ಬರೆದು ತೋರಿಸುತ್ತದೆ. ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲ ಕಡೆಯಿಂದ ಫೋನು ಬರತೊಡಗಿತು. ಸ್ಕ್ಯಾನರನ್ನು ಬೈಕಿನ ಬಾಕ್ಸಿಗೆ ಹಾಕಿಕೊಂಡು ಹೋಗಿಬರುತ್ತಿದ್ದೆ. ದೊಡ್ಡ ಡಾಕ್ಟರ ಹಾಗೆ ಸ್ವಲ್ಪ ತಡವಾಗಿಯೇ ಹೋಗುತ್ತಿದ್ದೆ. ಜನ ಕಾಯುವುದನ್ನು ನೋಡಲು ನನಗೆ ಹಿತವಾಗಿತ್ತು.

ನನಗೆ ಹೆಚ್ಚು ಹೆಸರು ತಂದುಕೊಟ್ಟದ್ದು ಚಕ್ರದ ಸೆನ್ಸರ್. ಈಗಿನ ಗಾಡಿಗಳಲ್ಲಿ ಪ್ರತಿ ಚಕ್ರದ ಹಿಂದೆ ಕಿರುಬೆರಳುದ್ದದ ಒಂದು ಸೆನ್ಸರ್ ಇರುತ್ತದೆ. ಚಕ್ರದೊಂದಿಗೆ ತಿರುಗುವ ಹಲ್ಲಿನ ಬಳೆಯೊಂದು ಅದರ ಮೂಗಿನ ಮುಂದೆಯೇ ಹಾದುಹೋಗುತ್ತಿರುತ್ತದೆ. ಹಲ್ಲುಗಳು ಎಷ್ಟು ಬೇಗ ಹಾದುಹೋದವು ಎಂಬುದರ ಮೇಲೆ ಆ ಚಕ್ರದ ವೇಗ ಕಂಪ್ಯೂಟರಿಗೆ ತಿಳಿಯುತ್ತದೆ. ಗಾಬರಿಯಲ್ಲಿ ಬ್ರೇಕನ್ನು ಬಲವಾಗಿ ತುಳಿದಾಗ ಚಕ್ರ ಗಕ್ಕನೆ ನಿಂತು ಗಾಡಿ ಜಾರತೊಡಗಿದರೆ, ಎಬಿಎಸ್ ಎಂಬ ವ್ಯವಸ್ಥೆ ಕ್ಷಣಕ್ಕೆ ಹಲವು ಸಲ ಬ್ರೇಕನ್ನು ಬಿಟ್ಟು ಹಿಡಿದು ಚಕ್ರವನ್ನು ತಿರುಗಿಸುತ್ತಲೇ ಇಡುತ್ತದೆ. ಮುಂದಿನ ಚಕ್ರ ತಿರುಗುತ್ತಿದ್ದರೆ ಮಾತ್ರ ಗಾಡಿ ಸ್ಟೇರಿಂಗಿನ ಮಾತು ಕೇಳುತ್ತದೆ. ನಾಲ್ಕರಲ್ಲಿ ಒಂದು ಸೆನ್ಸರ್ ಸುಮ್ಮನಾದರೂ ಇಡೀ ವ್ಯವಸ್ಥೆ ಮಲಗಿಬಿಡುತ್ತದೆ, ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ.

ಬ್ರೇಕು ಮಾತ್ರ ಎಂದಿನಂತೆ ಹಿಡಿಯುತ್ತದೆ. ತೊಂದರೆ ಇರುವುದೇ ಅಲ್ಲಿ. ಬ್ರೇಕು ಹೋಗಿದ್ದರೆ ಯಾರೂ ಗಾಡಿ ಹತ್ತುವುದಿಲ್ಲ. ಎಬಿಎಸ್ ಹೋದದ್ದು ಬೇಕಾದ ಆ ಒಂದು ಗಳಿಗೆಯ ತನಕ ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ಹೇಳಲೆಂದೇ ಆ ದೀಪವನ್ನು ಇಟ್ಟಿದ್ದಾರೆ.

ಈ ಸೆನ್ಸರ್ ನಮ್ಮ ಕಡೆ ಕೆಡುವಷ್ಟು ಬೇರೆ ಕಡೆ ಕೆಡುವುದಿಲ್ಲ ಎಂದು ನನ್ನ ಅಂದಾಜು. ಕಾರಣ ನಮ್ಮ ಒಕ್ಕಣೆ. ಕಣ ಮಾಡಿ ಸಗಣಿ ಸಾರಿಸಿ ರೋಣುಗಲ್ಲು ಹೊಡೆಯುವವರು ಈಗ ಎಲ್ಲಿದ್ದಾರೆ? ಟಾರು ರಸ್ತೆಯೇ ಕಣ. ರಾಗಿ ಕೊಯ್ದು, ಹುರುಳಿ ಕಿತ್ತು ತಂದು ರಸ್ತೆಯ ಮೇಲೆ ಹರಡಿದರೆ, ಬಸ್ಸು ಲಾರಿಗಳು ಓಡಾಡಿ ತುಳಿದುಕೊಡುತ್ತವೆ. ಸಂಜೆ ಹೊಟ್ಟು ಬಳಿದು ಕಾಳು ತುಂಬಿಕೊಂಡರೆ ಮುಗಿಯಿತು. ನಮ್ಮ ಮನೆಯ ರಾಗಿಯೂ ಹಾಗೆಯೇ ಒಕ್ಕಿದ್ದು, ಹಾಗಾಗಿ ನಾನು ಯಾರನ್ನೂ ಬೈಯುವ ಹಾಗಿಲ್ಲ. ರಾಗಿ ಅಷ್ಟು ಕಾಟ ಕೊಡುವುದಿಲ್ಲ. ಹುರುಳಿಯದು ಬಳ್ಳಿ. ಅದು ಚಕ್ರದ ಒಳಮಗ್ಗುಲಿಗೆ ಸುತ್ತಿಕೊಂಡು ಹಗ್ಗದಂತೆ ಹೊಸೆದುಕೊಳ್ಳುತ್ತಾ ಹೋಗಿ, ಸೆನ್ಸರಿನ ಎಳೆ ತಂತಿಯನ್ನು ಜಗ್ಗಿ ಹರಿದುಹಾಕುತ್ತದೆ. ಆ ಕಾಲ ಬಂತೆಂದರೆ ನನ್ನ ಶೆಡ್ಡಿನ ಮುಂದೆ ಹಳದಿ ದೀಪದ ಗಾಡಿಗಳ ಸಾಲು. ಚಕ್ರ ಬಿಚ್ಚಿದರೆ ಒಳಗೆ ಒಂದೊಂದು ಬೊಗಸೆ ಬಳ್ಳಿ.

ಸ್ಕ್ಯಾನರ್ ಹೇಳಿದ್ದನ್ನು ಕಣ್ಣುಮುಚ್ಚಿ ನಂಬುವವನು ಮೆಕ್ಯಾನಿಕ್ ಅಲ್ಲ ಎಂದು ನಾನು ಎಲ್ಲರಿಗೂ ಉಪದೇಶ ಮಾಡುತ್ತಿದ್ದೆ. 'ಎಡಗಡೆ ಹಿಂದಿನ ಚಕ್ರ, ಸಿಗ್ನಲ್ ಇಲ್ಲ' ಎಂದು ಅದು ಹೇಳಿದ ಮಾತ್ರಕ್ಕೆ ಹೊಸ ಸೆನ್ಸರ್ ತರಿಸಬಾರದು. ಮೊದಲು ತಂತಿ ನೋಡಬೇಕು, ಆಮೇಲೆ ತಂತಿಗಳು ಸೇರುವ ಕಪ್ಲರ್ ಬಿಚ್ಚಿ ಒಳಗೆ ಹಸಿರು ಕಿಲುಬು ಕಟ್ಟಿದೆಯೇ ನೋಡಬೇಕು, ಆಮೇಲೆ ಸೆನ್ಸರಿನ ಮೂಗಿಗೆ ಕಬ್ಬಿಣದ ಪುಡಿ ಅಂಟಿದೆಯೇ ನೋಡಬೇಕು. ಜಾಕು ಹಾಕಿ ಚಕ್ರವನ್ನು ಕೈಯಿಂದ ತಿರುಗಿಸಿ ಸಿಗ್ನಲ್ಲನ್ನು ಮಲ್ಟಿಮೀಟರಿನಲ್ಲಿ ಅಳೆಯಬೇಕು. ಗೋವಿನಕೋವಿಯ ರೈತರೊಬ್ಬರ ಕಾರಿಗೆ ಬೇರೆ ಯಾರೋ ಒಂದಾದ ಮೇಲೊಂದು ಮೂರು ಸೆನ್ಸರ್ ಹಾಕಿದ್ದರು, ದೀಪ ಮಾತ್ರ ಹಾಗೇ ಉರಿಯುತ್ತಿತ್ತು. ನಾನು ನ್ಯಾಮತಿಯ ದಾರಿಯಲ್ಲಿ ಅವರ ಮನೆಗೆ ಹೋಗಿ ಚಕ್ರ ಬಿಚ್ಚಿದೆ. ಆ ಕಾರಿನಲ್ಲಿ ಹಲ್ಲಿನ ಬಳೆ ಇರಲಿಲ್ಲ. ಅದರ ಬದಲು ಬೇರಿಂಗಿನ ಒಂದೇ ಮುಖಕ್ಕೆ ಅಯಸ್ಕಾಂತದ ಪಟ್ಟಿ. ಬೇರಿಂಗ್ ಬದಲಾಯಿಸಿದವರು ಆ ಮುಖವನ್ನು ಹೊರಗೆ ಮಾಡಿ ಕೂರಿಸಿದ್ದರು. ಸೆನ್ಸರ್ ಪಾಪ ಗೋಡೆ ನೋಡಿಕೊಂಡು ಕೂತಂತೆ ಕೂತಿತ್ತು. ತಿರುಗಿಸಿ ಹಾಕಿದೆ, ದೀಪ ಹೋಯಿತು. ಆ ರೈತರು ಊರೆಲ್ಲ ಹೇಳಿಕೊಂಡು ಬಂದರು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಇಷ್ಟೆಲ್ಲ ಗೊತ್ತಿದ್ದವನು ನಾನು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ.

ನನ್ನ ಅಕ್ಕನನ್ನು ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಭಾವ ವ್ಯಾನು ಓಡಿಸುತ್ತಾರೆ. ಭದ್ರಾ ನೀರು ಬಿಟ್ಟು ನಮ್ಮ ಕಡೆ ಬೇಸಿಗೆ ಭತ್ತದ ನಾಟಿ ಶುರುವಾದರೆ, ಅವರ ಊರಿನ ಹೆಂಗಸರನ್ನು ಬೆಳಗ್ಗೆ ಕರೆತಂದು ಗದ್ದೆಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಾರೆ. ಭಾವ ಒಳ್ಳೆಯವರು, ಆದರೆ ಬಾಯಿ ಚುರುಕು. ನನ್ನನ್ನು 'ವೈರ್ ಡಾಕ್ಟ್ರೇ' ಎಂದೇ ಕರೆಯುತ್ತಿದ್ದರು. ನಾನು ಸಿಟ್ಟಿನವನು ಎಂದು ಗೊತ್ತಿದ್ದೇ ಕೆಣಕುತ್ತಿದ್ದರು. ಅಕ್ಕನ ಗಂಡನಿಗೆ ಆ ಹಕ್ಕು ಉಂಟು ಎಂದು ನಾನೂ ನಗುತ್ತಿದ್ದೆ, ಅರ್ಧ ಮನಸ್ಸಿನಿಂದ.

ಆ ವಾರ ಅವರಿಗೆ ತ್ಯಾವಣಿಗೆಯಿಂದ ಚನ್ನಗಿರಿ ಕಡೆಗಿನ ಗದ್ದೆಗಳಲ್ಲಿ ಕೆಲಸ. ಒಂದು ಬೆಳಗ್ಗೆ ವ್ಯಾನು ಹೆಂಗಸರ ಸಮೇತ ನನ್ನ ಶೆಡ್ಡಿಗೇ ಬಂತು. ಬಾಗಿಲು ತೆರೆದು ಎಲ್ಲರೂ ದುಡುದುಡು ಇಳಿದರು. ಕಡೆಯಲ್ಲಿ ಇಳಿದವಳು ಸುಮಾರು ಐವತ್ತೈದರ ಒಬ್ಬ ಹೆಂಗಸು, ತಲೆಗೆ ಟವೆಲ್ ಸುತ್ತಿದ್ದಳು, ಕೈಯಲ್ಲಿ ಬುತ್ತಿಯ ಡಬ್ಬಿ. ಇಳಿದವಳೇ ನನ್ನ ಹತ್ತಿರ ಬಂದಳು.

"ತಮ್ಮಾ, ಅದ್ಯಾವ್ದೋ ದೀಪ ಎರಡು ದಿನದಿಂದ ಉರೀತೈತೆ ನೋಡಪ್ಪ. ನನಗ್ಯಾಕೋ ಹೆದ್ರಿಕೆ ಆಗ್ತೈತೆ. ಮೊದ್ಲು ಅದನ್ನ ಶಾಂತ ಮಾಡಿಕೊಡು. ಅಲ್ಲೀಗಂಟ ನಾ ಹತ್ತಂಗಿಲ್ಲ."

"ನಾನೂ ಅಷ್ಟೇ," ಎಂದು ಇನ್ನಿಬ್ಬರು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು.

ಭಾವ ನನ್ನ ಕಡೆ ನೋಡಿ ತಲೆ ಚಚ್ಚಿಕೊಂಡರು. "ಬ್ರೇಕ್ ಹಿಡಿತೈತೆ, ಗಾಡಿ ಓಡ್ತೈತೆ, ಏನೂ ಆಗಿಲ್ಲ ಅಂದ್ರೆ ಕೇಳವಲ್ಲರು. ಹೆಂಗಾದ್ರೂ ಮಾಡಿ ಶಾಂತ ಮಾಡಪ್ಪ. ಗದ್ದೆಯವರು ಅಲ್ಲಿ ಫೋನ್ ಮೇಲೆ ಫೋನ್ ಮಾಡಾಕೆ ಹತ್ಯಾರೆ."

ನಾನು ಸ್ಕ್ಯಾನರ್ ಸಿಕ್ಕಿಸಿದೆ. ಎಡಗಡೆ ಮುಂದಿನ ಚಕ್ರ. ಜಾಕು ಹಾಕಿ ನೋಡಿದರೆ ಹುರುಳಿ ಬಳ್ಳಿ ತಂತಿಯನ್ನು ಸೆನ್ಸರಿನ ಬುಡದಲ್ಲೇ ಕಿತ್ತುಹಾಕಿತ್ತು. ಬುಡದಲ್ಲಿ ಹರಿದರೆ ಬೆಸುಗೆ ಹಾಕಲು ಬರುವುದಿಲ್ಲ, ಹೊಸದೇ ಬೇಕು. ನನ್ನ ಹತ್ತಿರ ಆ ಗಾಡಿಯದು ಇರಲಿಲ್ಲ. ದಾವಣಗೆರೆಯಿಂದ ಬರಬೇಕು, ಅಂದರೆ ಮಾರನೆಯ ದಿನ. ನಾನು ಇದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಭಾವ ಪರದೆಯ ಕಡೆ ಇಣುಕಿ, ಎಲ್ಲರಿಗೂ ಕೇಳುವಂತೆ, "ಹಿಂದಿನ ಮೆಕ್ಯಾನಿಕ್‌ಗಳು ಗಾಡಿ ಸದ್ದು ಕೇಳಿ ಹೇಳ್ತಿದ್ರು. ನಮ್ಮ ಡಾಕ್ಟ್ರು ಟೀವಿ ನೋಡಿ ಹೇಳ್ತಾರೆ ನೋಡ್ರವ್ವಾ," ಎಂದರು. ಹೆಂಗಸರು ಕಿಸಕ್ಕೆಂದು ನಕ್ಕರು. ಭಾವ ಫೋನು ಕಿವಿಗಿಟ್ಟುಕೊಂಡು ಚಹಾ ಅಂಗಡಿಯ ಕಡೆ ನಡೆದರು.

ನನಗೆ ಮೈ ಉರಿದುಹೋಯಿತು. ಇವತ್ತು ಯೋಚಿಸಿದರೆ ಅದೆಂಥ ಮಾತು, ಮಕ್ಕಳೂ ಮರೆಯುವಂಥದ್ದು. ಆದರೆ ಆಗ ಅನ್ನಿಸಿದ್ದು, ದೀಪ ತಾನೇ ನಿಮಗೆ ಬೇಕಾದ್ದು, ತಗೊಳ್ಳಿ ಎಂದು. ಮೀಟರ್ ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿದೆ. ಗಾಜು ತೆಗೆದೆ. ಆ ಹಳದಿ ದೀಪದ ಮೇಲೆ ಉಗುರಿನಷ್ಟು ಕಪ್ಪು ಟೇಪು ಅಂಟಿಸಿದೆ. ಗಾಜು ಮುಚ್ಚಿ ಸ್ಕ್ರೂ ಬಿಗಿಗೊಳಿಸಿದೆ. ಐದು ನಿಮಿಷದ ಕೆಲಸ. ಕೀ ತಿರುಗಿಸಿದರೆ ಉಳಿದ ದೀಪಗಳೆಲ್ಲ ಹತ್ತಿ ಆರಿದವು, ಅದೊಂದು ಜಾಗ ಮಾತ್ರ ಕತ್ತಲೆಯಾಗಿಯೇ ಇತ್ತು.

ಹಾಗೆ ಮಾಡಿದ್ದು ಅದೇ ಮೊದಲಲ್ಲ. ಹೊಸ ಸೆನ್ಸರ್ ಬರುವ ತನಕ ಎಂದು ಅನೇಕರಿಗೆ ಮಾಡಿಕೊಟ್ಟಿದ್ದೇನೆ. ಅವರಿಗೆಲ್ಲ ಬಿಡಿಸಿ ಹೇಳುತ್ತಿದ್ದೆ, 'ಇದು ಕಣ್ಣಿಗೆ ಮಣ್ಣೆರಚೋ ಕೆಲಸ, ಒಳಗೆ ಕೆಟ್ಟಿದ್ದು ಕೆಟ್ಟೇ ಐತೆ' ಎಂದು. ಅವತ್ತು ಹೇಳಲಿಲ್ಲ.

ಭಾವ ಚಹಾ ಕುಡಿದು ಬಂದು, "ಆತಾ?" ಎಂದರು.

"ಶಾಂತ ಆತು," ಎಂದೆ.

"ಅಷ್ಟೇ ನೋಡು. ಇದಕ್ಕೆ ಎಷ್ಟು ಆಟ."

"ಶುಕ್ರವಾರ ಒಂದ್ಸಲ ಬಂದು ಹೋಗ್ರಿ ಭಾವ," ಎಂದೆ. ಯಾಕೆ ಎಂದು ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಹೆಂಗಸರ ಮುಂದೆ ಬೇಡ ಎಂದುಕೊಂಡೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನಿಜ ಏನೆಂದರೆ, ಮುಖ ಕೊಟ್ಟು ಮಾತಾಡಲು ನನಗೆ ಮನಸ್ಸಿರಲಿಲ್ಲ.

ಟವೆಲ್ ಸುತ್ತಿದ ಆ ಹೆಂಗಸು ಡ್ರೈವರ್ ಬಾಗಿಲಿನಿಂದ ಒಳಗೆ ಬಗ್ಗಿ ಮೀಟರ್ ನೋಡಿದಳು. ಹಳದಿ ಇಲ್ಲ. ಎರಡೂ ಕೈ ಜೋಡಿಸಿ ಕಣ್ಣಿಗೆ ಒತ್ತಿಕೊಂಡಳು. ಸುತ್ತಿ ಬಂದು ಮುಂದಿನ ಸೀಟಿಗೆ ಹತ್ತಿ, ಬುತ್ತಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿ, "ನಿನ್ನ ಹೊಟ್ಟೆ ತಣ್ಣಗಿರ್ಲಿ ತಮ್ಮಾ," ಎಂದಳು. ವ್ಯಾನು ಹೊರಟಿತು.

ಮಾರನೆಯ ದಿನವೇ ಸೆನ್ಸರ್ ಬಂತು. ಶುಕ್ರವಾರ ಭಾವ ಬರಲಿಲ್ಲ. ಫೋನು ಮಾಡೋಣ ಎಂದುಕೊಂಡೆ, ಮಾಡಲಿಲ್ಲ. ಟೀವಿ ನೋಡಿ ಹೇಳುವವನಿಗೆ ಏನು ಗೊತ್ತು, ಬೇಕಾದರೆ ಅವರೇ ಬರಲಿ. ಶನಿವಾರವೂ ಇದೇ ಯೋಚನೆ. ಸೋಮವಾರ ಬೇರೆ ಗಾಡಿಯ ಕೆಲಸಕ್ಕೆ ಹೊನ್ನಾಳಿಗೆ ಹೋದೆ, ಮಂಗಳವಾರ ಯಾರದೋ ಮದುವೆ. ಸೆನ್ಸರಿನ ಡಬ್ಬಿ ಶೆಲ್ಫಿನ ಮೇಲೆ ಸ್ಕ್ಯಾನರಿನ ಪಕ್ಕದಲ್ಲೇ ಇತ್ತು. ಸ್ಕ್ಯಾನರ್ ತೆಗೆದುಕೊಳ್ಳುವಾಗಲೆಲ್ಲ ಕೈಗೆ ತಗುಲುತ್ತಿತ್ತು. ಒಂದೇ ಒಂದು ಫೋನು. ಅದನ್ನು ಮಾಡಲು ನನ್ನ ಜಂಬ ಬಿಡಲಿಲ್ಲ.

ಗುರುವಾರ ಸಂಜೆ ಅಕ್ಕನ ಫೋನು ಬಂತು. ಅಳುತ್ತಿದ್ದಳು. ಮೊದಲು ಏನೂ ತಿಳಿಯಲಿಲ್ಲ, ಆಮೇಲೆ 'ವ್ಯಾನು' ಎಂಬ ಮಾತು ತಿಳಿಯಿತು. ಎಲ್ಲಿ, ಯಾರಿಗೆ ಎಂದು ಕೇಳುವುದಕ್ಕೂ ಮೊದಲು ನನ್ನ ಕಣ್ಣು ಆ ಶೆಲ್ಫಿನ ಕಡೆ ಹೋಯಿತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಭಾವ ಮಲಗಿದ್ದರು. ಬಲಗೈ ಮುರಿದಿತ್ತು, ಹಣೆಗೆ ಹೊಲಿಗೆ. ನಡೆದದ್ದನ್ನು ಅವರೇ ಹೇಳಿದರು. ನಾಟಿ ಮುಗಿಸಿ ಹಿಂದಿರುಗುವಾಗ, ಇನ್ನೂ ಬೆಳಕಿತ್ತು. ಜಗಳೂರು ರಸ್ತೆಯಲ್ಲಿ ಊರು ಇನ್ನೇನು ಬಂತು ಎನ್ನುವಾಗ ಹುರುಳಿ ಹರಡಿದ್ದರು. ಮುಂದೆ ಹೋಗುತ್ತಿದ್ದ ಬೈಕಿನವನು ಹೊಟ್ಟಿನ ಮೇಲೆ ಜಾರಿ ರಸ್ತೆಯ ನಡುವೆ ಬಿದ್ದ. ಅವನನ್ನು ಉಳಿಸಲು ಭಾವ ಬ್ರೇಕ್ ತುಳಿದು ಬಲಕ್ಕೆ ಎಳೆದರು.

"ಬ್ರೇಕ್ ಹಿಡೀತು. ಸ್ಟೇರಿಂಗ್ ತಿರುಗಿಸಿದೆ ಕಣೋ. ಗಾಡಿ ತಿರುಗ್ಲೇ ಇಲ್ಲ. ನೆಟ್ಟಗೆ ಜಾರ್ಕೊಂಡು ಹೋಗಿಬಿಡ್ತು. ಹೆಂಗೋ ಎಡಕ್ಕೆ ಇಳೀತು, ಆ ಹುಡುಗ ಉಳ್ಕೊಂಡ. ಮುಂದೆ ಹುಣಸೆಮರ..."

ಮರಕ್ಕೆ ತಗುಲಿದ್ದು ವ್ಯಾನಿನ ಎಡ ಮುಂಭಾಗ. ಟವೆಲ್ ಸುತ್ತಿದ ಆ ಹೆಂಗಸು ಕೂತಿದ್ದ ಜಾಗ. ಆಸ್ಪತ್ರೆಗೆ ತರುವಷ್ಟರಲ್ಲಿ ಅವಳ ಜೀವ ಹೋಗಿತ್ತು.

ಭಾವ ಎಡಗೈಯಿಂದ ನನ್ನ ಕೈ ಹಿಡಿದುಕೊಂಡರು. "ಗಾಡಿ ಸರಿ ಇತ್ತಲ್ಲ? ಅವತ್ತು ನೀನೇ ರಿಪೇರಿ ಮಾಡಿದ್ಯಲ್ಲ. ಶಾಂತ ಆತು ಅಂದಿದ್ಯಲ್ಲ."

ನಾನು ಏನು ಹೇಳಿದೆ ಎಂದು ಜ್ಞಾಪಕವಿಲ್ಲ. ಹೂಂ ಅಂದಿರಬೇಕು. ನನಗೆ ಆ ಮಾತು ಟೇಪು, ಅವರಿಗೆ ಅದೇ ಮಾತು ರಿಪೇರಿ. ಒಂದು ವಾರ ಅವರು ಆ ಹೆಂಗಸರನ್ನೆಲ್ಲ ಕೂರಿಸಿಕೊಂಡು, ಗಾಡಿ ಸರಿಯಾಗಿದೆ ಎಂದು ನಂಬಿ ಓಡಿಸಿದ್ದರು. ದೀಪ ಉರಿಯುತ್ತಿದ್ದರೆ ಹೆದರಿಯಾದರೂ ನಿಧಾನ ಹೋಗುತ್ತಿದ್ದರೇನೋ. ಆ ಹೆದರಿಕೆಯನ್ನೂ ನಾನು ಟೇಪು ಹಾಕಿ ಮುಚ್ಚಿದ್ದೆ.

ಎಬಿಎಸ್ ಇದ್ದಿದ್ದರೆ ವ್ಯಾನು ಖಂಡಿತ ತಪ್ಪಿಸಿಕೊಳ್ಳುತ್ತಿತ್ತೇ? ಹೊಟ್ಟಿನ ಮೇಲೆ ಏನೂ ಹೇಳಲಾಗದು ಎಂದು ನನಗೇ ನಾನು ವಾದ ಮಾಡಿದ್ದೇನೆ. ಆದರೆ 'ಸ್ಟೇರಿಂಗ್ ತಿರುಗಿಸಿದೆ, ಗಾಡಿ ತಿರುಗಲಿಲ್ಲ' ಎಂಬ ಮಾತಿಗೆ ಅರ್ಥ ಏನೆಂದು ಈ ನಾಲ್ಕು ತಾಲ್ಲೂಕಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಚಕ್ರ ತಿರುಗುವುದು ನಿಂತಿತ್ತು, ಅಷ್ಟೇ.

ಆರ್‌ಟಿಓದವರು ಬಂದು ಗಾಡಿಯನ್ನು ಪರೀಕ್ಷೆ ಮಾಡಿದರು. ಬ್ರೇಕು ಸರಿ ಇತ್ತು. ಮೀಟರಿನಲ್ಲಿ ಯಾವ ದೀಪವೂ ಉರಿಯುತ್ತಿರಲಿಲ್ಲ. ಗಾಡಿಯಲ್ಲಿ ದೋಷವಿಲ್ಲ ಎಂದು ಬರೆದುಕೊಂಡು ಹೋದರು. ಹಾಗಾದರೆ ದೋಷ ಯಾರದು? ಭಾವನದ್ದು, ಮತ್ತು ರಸ್ತೆಯ ಮೇಲೆ ಹುರುಳಿ ಹರಡಿದ ಗಂಡ ಹೆಂಡತಿಯದ್ದು. ಮೂವರ ಮೇಲೂ ಕೇಸಾಯಿತು. ಊರಿನವರು ಆ ಗಂಡ ಹೆಂಡತಿಯನ್ನು ಬಾಯಿಗೆ ಬಂದಂತೆ ಅಂದರು. ತಮ್ಮ ತಮ್ಮ ಹುರುಳಿಯನ್ನು ಅದೇ ರಸ್ತೆಯಲ್ಲಿ ಒಕ್ಕಿದವರೇ ಅಂದರು.

ಅಕ್ಕನಿಗೆ ಹೇಳಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ಇದನ್ನ ಇನ್ನೊಬ್ಬರ ಮುಂದೆ ಆಡಬ್ಯಾಡ. ಕೆಟ್ಟ ಗಾಡಿ ಅಂತ ಗೊತ್ತಿದ್ದೇ ಓಡಿಸಿದ ಅಂತಾರೆ. ನಿನ್ನ ಭಾವಗೆ ಅದೂ ಗೊತ್ತಿರ್ಲಿಲ್ಲ ಅಂತ ಯಾರು ನಂಬ್ತಾರೆ?" ಎಂದಳು. ಎದ್ದು ಹೋಗುವಾಗ ತಿರುಗಿ, "ನೀನು ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲೋ," ಎಂದಳು. ಅಷ್ಟು ಮೆಲ್ಲಗೆ ಅವಳು ನನಗೆ ಯಾವತ್ತೂ ಬೈದಿರಲಿಲ್ಲ.

ಪೊಲೀಸರಿಗೆ ನಾನು ಹೇಳಿಲ್ಲ. ಅಕ್ಕನ ಮಾತು ನನಗೆ ಒಳ್ಳೆಯ ನೆಪವಾಯಿತು. ಅವಳು ಹೇಳದಿದ್ದರೂ ಹೋಗುತ್ತಿದ್ದೆನೆಂದು ಧೈರ್ಯವಾಗಿ ಹೇಳಲಾರೆ. ಆ ಗಂಡ ಹೆಂಡತಿ ಈಗಲೂ ಕೋರ್ಟಿಗೆ ಅಲೆಯುತ್ತಿದ್ದಾರೆ. ನಾನು ಹೇಡಿ ಎಂದು ಇಲ್ಲಿ ಬರೆಯುವುದು ಸುಲಭ, ಅಲ್ಲಿ ಹೋಗಿ ನಿಂತು ಹೇಳುವುದು ಕಷ್ಟ.

ಪೊಲೀಸ್ ಠಾಣೆಯಿಂದ ಬಿಡುಗಡೆಯಾದ ಮೇಲೆ ವ್ಯಾನು ನನ್ನ ಶೆಡ್ಡಿಗೇ ಬಂತು. ನಜ್ಜಾದ ಬಾಡಿಯ ಕೆಲಸ ಬೇರೆ ಕಡೆ ಆಗಿತ್ತು, ವೈರಿಂಗ್ ನನ್ನದು. ಎಡ ಮುಂದಿನ ಚಕ್ರ ಬಿಚ್ಚಿದೆ. ಹಳೆಯ ಸೆನ್ಸರ್ ತುಕ್ಕು ಹಿಡಿದು ತನ್ನ ತೂತಿನಲ್ಲೇ ಊದಿಕೊಂಡು ಕೂತಿತ್ತು. ಇಂಥದ್ದನ್ನು ಸುತ್ತಿಗೆಯಿಂದ ಹೊಡೆಯಬಾರದು, ತುಂಡಾಗಿ ಒಳಗೇ ಉಳಿಯುತ್ತದೆ. ಎಣ್ಣೆ ಬಿಟ್ಟು, ಕಾದು, ಅತ್ತ ಇತ್ತ ಹೊರಳಿಸಿ ಸ್ವಲ್ಪಸ್ವಲ್ಪವೇ ತೆಗೆದೆ. ತೂತನ್ನು ಎಮರಿ ಕಾಗದದಿಂದ ಉಜ್ಜಿ ಸ್ವಚ್ಛ ಮಾಡಿದೆ. ಹೊಸದನ್ನು ಕೂರಿಸಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಜಗ್ಗದಂತೆ ತಂತಿಯನ್ನು ಮೊದಲಿನ ದಾರಿಯಲ್ಲೇ ಕ್ಲಿಪ್ಪಿಗೆ ಸಿಕ್ಕಿಸಿದೆ. ಉಳಿದ ಮೂರನ್ನೂ ಬಿಚ್ಚಿ ನೋಡಿದೆ. ಎಲ್ಲ ಸೇರಿ ಒಂದು ಬೆಳಗಿನ ಕೆಲಸವೂ ಅಲ್ಲ. ಅದನ್ನು ಆ ಶುಕ್ರವಾರವೇ ಮಾಡಬಹುದಾಗಿತ್ತು.

ಕೊನೆಗೆ ಮೀಟರಿನ ಸ್ಕ್ರೂ ಬಿಚ್ಚಿದೆ. ಟೇಪು ಬಿಸಿಲಿಗೆ ಮೆತ್ತಗಾಗಿ ಅಂಟು ಬಿಟ್ಟಿತ್ತು. ಉಗುರಿನಿಂದ ಎಬ್ಬಿಸಿ ತೆಗೆದೆ. ಕೈಗೆ ಅಂಟಿಕೊಂಡದ್ದು ಬೇಗ ಹೋಗಲಿಲ್ಲ, ಸೀಮೆಎಣ್ಣೆ ಹಾಕಿ ತೊಳೆದೆ. ಸ್ಕ್ಯಾನರ್ ಸಿಕ್ಕಿಸಿ ಚನ್ನಗಿರಿಯಿಂದ ಒಂದಷ್ಟು ದೂರ ಓಡಿಸಿಕೊಂಡು ಬಂದೆ. ನಾಲ್ಕೂ ಚಕ್ರ ಒಂದೇ ವೇಗ ತೋರಿಸುತ್ತಿದ್ದವು. ಹಿಂದೆಲ್ಲ ಇದನ್ನು ನೋಡಿದರೆ ಖುಷಿಯಾಗುತ್ತಿತ್ತು. ಅವತ್ತು ಗಾಡಿ ಪಕ್ಕಕ್ಕೆ ಹಾಕಿ, ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತೆ.

ಭಾವನ ಕೈ ಇನ್ನೂ ಕೂಡಿಬಂದಿರಲಿಲ್ಲ. ಹಾಗಾಗಿ ವ್ಯಾನನ್ನು ಜಗಳೂರಿನ ಕಡೆ ನಾನೇ ಓಡಿಸಿಕೊಂಡು ಹೋದೆ. ಅಕ್ಕನ ಮನೆಯ ಮುಂದೆ ಬಿಟ್ಟು, ಯಾರಿಗೂ ಹೇಳದೆ, ಸತ್ತ ಆ ಹೆಂಗಸಿನ ಮನೆ ಕೇಳಿಕೊಂಡು ನಡೆದೆ. ಎರಡು ಓಣಿ ಆಚೆ. ಮಗಳು ಒಬ್ಬಳೇ ಇದ್ದಳು. ಮೂವತ್ತರ ಆಸುಪಾಸು, ಗಂಡನ ಮನೆ ಬಿಟ್ಟು ಬಂದು ತಾಯಿಯ ಜೊತೆಗಿದ್ದವಳು ಎಂದು ಅಕ್ಕ ಹೇಳಿದ್ದಳು. ಬಾಗಿಲ ಹತ್ತಿರ ಕೂತು ಕೊಡಕ್ಕೆ ನೀರು ಸೋಸುತ್ತಿದ್ದಳು. ನಾನು ಇಂಥವರ ತಮ್ಮ ಎಂದೆ. ಒಳಗೆ ಕರೆದು ಚಾಪೆ ಹಾಸಿದಳು.

"ವ್ಯಾನ್ ರಿಪೇರಿ ಆತೇನ್ರಿ?" ಎಂದು ಅವಳೇ ಕೇಳಿದಳು. "ಮಳೆಗಾಲದ ನಾಟಿಗೆ ನಾನೂ ಬರಬೇಕು. ನಮ್ಮೂರಿಂದ ಹೋಗಾಕೆ ಅದೊಂದೇ ಗಾಡಿ."

ಆಗಿದೆ ಎಂದೆ. ನೀರು ಕೊಟ್ಟಳು, ಕುಡಿದೆ. ಆಮೇಲೆ ಹೇಳಿದೆ. ಸೆನ್ಸರ್, ತಂತಿ ಎಂದರೆ ಅವಳಿಗೆ ತಿಳಿಯುವುದಿಲ್ಲವೆಂದು ಅದನ್ನೆಲ್ಲ ಬಿಟ್ಟು ಹೇಳಿದೆ. ದೀಪ ಉರಿಯುತ್ತಿತ್ತು. ಗಾಡಿ ಕೆಟ್ಟಿದೆ ಎಂದು ಅದು ಹೇಳುತ್ತಿತ್ತು. ನಾನು ಗಾಡಿಯನ್ನು ಸರಿಮಾಡಲಿಲ್ಲ, ದೀಪಕ್ಕೆ ಟೇಪು ಅಂಟಿಸಿದೆ. ನಿಮ್ಮವ್ವನ ಮುಂದೆ ಶಾಂತ ಆತು ಎಂದು ಹೇಳಿದೆ. ಹೇಳಿ ಮುಗಿಸಿ, ಅವಳು ಬೈಯಲಿ, ಹೊಡೆಯಲಿ, ನಾಲ್ಕು ಜನರನ್ನು ಕೂಗಲಿ ಎಂದು ತಲೆ ತಗ್ಗಿಸಿ ಕೂತೆ.

ಅವಳು ಕೂಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನೀವು ನಿಜ ಹೇಳಿದ್ರೂ ಅವ್ವ ಕೆಲ್ಸಕ್ಕೆ ಹೋಗ್ತಿದ್ಲು ಬಿಡ್ರಿ," ಎಂದಳು. "ಸ್ವಲ್ಪ ಹಟ ಮಾಡ್ತಿದ್ಲು, ಆಮೇಲೆ ಹತ್ತುತಿದ್ಲು. ನಾಟಿ ಬಿಟ್ಟು ಮನೆಯಾಗೆ ಕೂರೋಳಲ್ಲ ಆಕಿ."

ಹೇಳಲು ನಾಚಿಕೆಯಾಗುತ್ತದೆ. ಆ ಮಾತು ಕೇಳಿ ನನಗೆ ಒಂದು ಕ್ಷಣ ಎದೆ ಹಗುರಾಯಿತು. ಹೇಗಿದ್ದರೂ ಹೋಗುತ್ತಿದ್ದಳು ಎಂದ ಮೇಲೆ ನನ್ನದೇನು ಎಂದು ಒಳಗೊಳಗೇ ಆಗಲೇ ಲೆಕ್ಕ ಹಾಕತೊಡಗಿದ್ದೆ.

"ಆದ್ರೆ ಆ ದೀಪ ಹತ್ತಿದ ದಿನಾನೇ ಅವ್ವ ಮುಂದಿನ ಸೀಟ್ ಬಿಟ್ಟು ಎಲ್ಲಾರಕಿನ ಹಿಂದೆ ಹೋಗಿ ಕೂತಿದ್ಲು," ಎಂದಳು ಅವಳು. "ಎರಡು ದಿನ ಹಿಂದೇನೇ ಕೂತು ಹೋಗಿಬಂದ್ಲು. ಮೂರನೇ ದಿನ ಮನೆಗೆ ಬಂದು, ಚನ್ನಗಿರಿಯಾಗೆ ಶಾಂತ ಮಾಡಿಸಿದ್ವಿ, ಮತ್ತೆ ಮುಂದೆ ಕೂತ್ಕೊಂಡು ಬಂದೆ ಅಂದ್ಲು."

ನಾನು ತಲೆ ಎತ್ತಿದೆ.

"ಹಿಂದೆ ಕೂತೋರಿಗೆ ಯಾರಿಗೂ ಏನೂ ಆಗಿಲ್ಲಂತಲ್ಲ. ಹೌದೇನ್ರಿ?"

ಅವಳು ನನ್ನ ಮುಖ ನೋಡುತ್ತಾ ಉತ್ತರಕ್ಕೆ ಕಾಯುತ್ತಿದ್ದಳು. ನನಗೆ ಗೊತ್ತಿತ್ತು, ಆ ವ್ಯಾನನ್ನು ಮೂಲೆಮೂಲೆಯೂ ನೋಡಿದವನು ನಾನು. ಹಿಂದಿನ ಸಾಲಿನಲ್ಲಿ ಒಂದು ಗಾಜು ಕೂಡ ಒಡೆದಿರಲಿಲ್ಲ.

"ಹೌದವ್ವಾ," ಎಂದೆ.